ಅಂದಾಜಿನ ಖಾನೆ

“ನಂಗೆ ಓಡೂದು ಅಂದ್ರೇ ಆಗೂದಿಲ್ಲ ಸರ್.”

ಭಾನುವಾರದಿಂದ ಈ ಮಾತು ತಲೆಯಲ್ಲಿ ತಿರುಗುತ್ತಿದೆ. ಹೇಳಿದ ಹುಡುಗನಿಗೆ ಸಿಟ್ಟೇನೂ ಇರಲಿಲ್ಲ. ಅಡಿಕೆ ಸುಲಿಯುತ್ತಾ, ತಲೆಯನ್ನೂ ಎತ್ತದೆ ಹೇಳಿದ. ಮೆಟ್ಟುಗತ್ತಿಯ ಮುಂದೆ ಕೂತವರು ಅತ್ತಿತ್ತ ನೋಡಿದರೆ ಬೆರಳು ಹೋಗುತ್ತದೆ, ಅದಕ್ಕೂ ಇರಬಹುದು.

ನಾನು ಶಿರಸಿಯಲ್ಲಿ ಅಂಗಡಿಗಳ ಲೆಕ್ಕ ಬರೆಯುವವ. ಬಸ್ಸು ತಪ್ಪಿದರೂ ಓಡುವುದಿಲ್ಲ, ಮುಂದಿನದಕ್ಕೆ ಕಾಯುತ್ತೇನೆ. ಆದರೆ ಮ್ಯಾರಥಾನ್, ಅಂದರೆ 42 ಕಿಲೋಮೀಟರ್ ಚಿಲ್ಲರೆಯ ಓಟದ, ಹುಚ್ಚು ವಿಪರೀತ. ನೋಡುವ ಹುಚ್ಚಿಗಿಂತ, ಯಾರು ಎಷ್ಟು ಹೊತ್ತಿನಲ್ಲಿ ಮುಗಿಸುತ್ತಾರೆ ಅಂತ ಮೊದಲೇ ಬರೆದಿಡುವ ಹುಚ್ಚು. ಅದಕ್ಕೆಂದೇ ಒಂದು ಹಳೇ ಡೈರಿ ಇದೆ. ಒಂದು ಖಾನೆಯಲ್ಲಿ ಅಂದಾಜು, ಪಕ್ಕದಲ್ಲಿ ಆದದ್ದು. “ಅವ ಓಡಿರೆ ನಿಂಗೆಂತ ಸಿಕ್ತು ಮಾರಾಯ?” ಅಂತ ಆಯಿ ಕೇಳುತ್ತಲೇ ಇರುತ್ತಾಳೆ. ಭಾವನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಇದೆ ಅನ್ನುವುದೇ ಗೊತ್ತಿಲ್ಲ, ಅವನ ಮಾತು ಬಿಡಿ.

2023ರ ಡಿಸೆಂಬರ್ 3ರ, ಸ್ಪೇನಿನ ವೆಲೆನ್ಸಿಯಾ ಮ್ಯಾರಥಾನ್‌ಗೆ ನಾನು ಎರಡು ತಿಂಗಳಿಂದ ಕಾಯುತ್ತಿದ್ದೆ. ಕಾರಣ ಉಗಾಂಡಾದ ಜೋಶುವಾ ಚೆಪ್ಟೆಗಿ. 5,000 ಮೀಟರ್ ಮತ್ತು 10,000 ಮೀಟರ್ ಎರಡರ ವಿಶ್ವದಾಖಲೆಯೂ ಅವನದೇ. 2019, 2022, 2023, ಮೂರು ಸಲ 10,000 ಮೀಟರ್‌ನಲ್ಲಿ ವಿಶ್ವ ಚಾಂಪಿಯನ್. ವಯಸ್ಸು ಬರೀ 27. 10,000 ಮೀಟರನ್ನು 26 ನಿಮಿಷ 11 ಸೆಕೆಂಡಿನಲ್ಲಿ ಮುಗಿಸಿದ್ದು 2020ರಲ್ಲಿ, ಇದೇ ವೆಲೆನ್ಸಿಯಾದಲ್ಲಿ. ಈಗ ಅದೇ ಊರಲ್ಲಿ ಅವನ ಮೊದಲ ಮ್ಯಾರಥಾನ್. ಲೆಕ್ಕದವನಿಗೆ ಇದಕ್ಕಿಂತ ಇನ್ನೇನು ಬೇಕು?

ಪೀಟರ್ ರೀಗಲ್ ಅಂತ ಅಮೆರಿಕದ ಒಬ್ಬ ಎಂಜಿನಿಯರ್ ಮಾಡಿದ ಸೂತ್ರ ಒಂದಿದೆ. ದೂರ ಎರಡು ಪಟ್ಟಾದರೆ ಸಮಯ ಸರಿಯಾಗಿ ಎರಡು ಪಟ್ಟು ಆಗುವುದಿಲ್ಲ, ಸುಮಾರು 2.085 ಪಟ್ಟು ಆಗುತ್ತದೆ. ಆ ಚಿಲ್ಲರೆ ಇದೆಯಲ್ಲ, ಅದು ದಣಿವಿನ ಪಾಲು. ಚೆಪ್ಟೆಗಿಯ 26:11ನ್ನು ಇದಕ್ಕೆ ಹಾಕಿದರೆ ಮ್ಯಾರಥಾನ್ 2 ಗಂಟೆ 27 ಸೆಕೆಂಡ್ ಅಂತ ಬರುತ್ತದೆ. ಅಂದರೆ ಅಕ್ಟೋಬರ್‌ನಲ್ಲಿ ಷಿಕಾಗೋದಲ್ಲಿ ಕೆನ್ಯಾದ ಕೆಲ್ವಿನ್ ಕಿಪ್ಟಮ್ ಮಾಡಿದ 2:00:35ರ ವಿಶ್ವದಾಖಲೆಯೂ ಹೋಯಿತು! ಇದು ಜಾಸ್ತಿ ಆಯಿತು ಅಂತ ನನಗೂ ಅನ್ನಿಸಿತು. ಅವನ ಹಾಫ್ ಮ್ಯಾರಥಾನ್ 59:21ನ್ನು ಹಾಕಿ ನೋಡಿದೆ. 2:03:44 ಬಂತು. ಸ್ವಲ್ಪ ಪ್ರೀತಿ ಸೇರಿಸಿ ಡೈರಿಯಲ್ಲಿ 2:03:00 ಅಂತ ಬರೆದೆ. ಅದರ ಕೆಳಗೆ ಇಥಿಯೋಪಿಯಾದ ಕೆನೆನಿಸಾ ಬೆಕೆಲೆ. ವಯಸ್ಸು 41, ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಓಟ ಮುಗಿಸಿರಲಿಲ್ಲ. ಅವನ ಮುಂದೆ “ಅರ್ಧಕ್ಕೇ ನಿಲ್ಲುತ್ತಾನೆ” ಅಂತ ಬರೆದೆ. ಮುದುಕರ ಮೇಲೆ ನನಗೆ ಕರುಣೆ ಕಡಿಮೆ. ನನಗೀಗ 52.

ನಮ್ಮ ಮನೆಯಲ್ಲಿ ಈಗ ಕೊನೆಕೊಯ್ಲಿನ ಹೊತ್ತು. ಅಂಗಳದ ತುಂಬಾ ಅಡಿಕೆ ರಾಶಿ, ಸುಲಿಯಲು ಏಳೆಂಟು ಜನ. ಯಲ್ಲಾಪುರದ ಕಡೆಯಿಂದ ಆಫ್ರಿಕಾ ಮೂಲದ ಸಿದ್ದಿ ಜನದ ಒಬ್ಬ ಹೆಂಗಸು ಪ್ರತಿ ವರ್ಷ ಬರುತ್ತಾರೆ. ಈ ಸಲ ಮಗನೂ ಬಂದಿದ್ದ. ಬಿ.ಕಾಂ. ಕೊನೇ ವರ್ಷ, ರಜೆ ಇತ್ತಂತೆ. ಅಮ್ಮ ನನ್ನನ್ನು “ಹೆಗಡೇರೇ” ಅನ್ನುತ್ತಾರೆ, ಮಗ “ಸರ್” ಅನ್ನುತ್ತಾನೆ.

ಊಟ ಮುಗಿಯುವ ಹೊತ್ತಿಗೆ ಅಲ್ಲಿ ಓಟ ಶುರು. ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲೇ ಮೊಬೈಲನ್ನು ಕಿಟಕಿ ಸರಳಿಗೆ ಒರಗಿಸಿ ಕೂತೆ. ಸುಮ್ನೆ ನೋಡಬೇಕಿತ್ತು. ಅಂಗಳದವರಿಗೆಲ್ಲ ಕಾಮೆಂಟರಿ ಶುರು ಮಾಡಿದೆ. ಕೆನ್ಯಾ, ಇಥಿಯೋಪಿಯಾ, ಉಗಾಂಡಾದ ಎತ್ತರದ ನೆಲ, ತೆಳು ಗಾಳಿ, ಸಣ್ಣ ಮೀನಖಂಡ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಕಣ್ಣು ಆ ಹುಡುಗನ ಮೇಲೆ ಬಿತ್ತು. ಬಾಯಿ ತಡೆಯಲಿಲ್ಲ.

“ನಿಮ್ಮ ಕಡೆಯವರಿಗೆ ಓಟ ರಕ್ತದಲ್ಲೇ ಬಂದದ್ದು ಅಲ್ವಾ ತಮ್ಮಾ? ನೀನೂ ಒಂದು ಕೈ ನೋಡಬಾರದಾ?”

ಆಗ ಅವನು ಹೇಳಿದ ಮಾತು ಅದು. ಅದಕ್ಕೆ ಒಂದು ಬಾಲವೂ ಇತ್ತು: “ಹೈಸ್ಕೂಲಲ್ಲೂ ಪ್ರತಿ ವರ್ಷ ನನ್ನ ಹೆಸರನ್ನೇ ಬರಕೊಳ್ತಿದ್ರು ಸರ್. ನಾ ಯಾವಾಗ್ಲೂ ಕೊನೆಗೇ ಬರ್ತಿದ್ದೆ.”

ಎಲ್ಲರೂ ನಕ್ಕರು. ಅವನೂ ನಕ್ಕ. ಅವನ ಅಮ್ಮ ಮಾತ್ರ ನಗಲಿಲ್ಲ. ಸುಲಿದ ಅಡಿಕೆಯನ್ನು ಡಬ್ಬಕ್ಕೆ ಹಾಕುತ್ತಾ, “ನಮ್ಮಣ್ಣನ್ನೂ ಓಡ್ಸಿ ನೋಡಿದ್ರು ಹೆಗಡೇರೇ. ಆಗ್ಲೂ ಹಿಂಗೇ ಹೇಳಿದ್ರು” ಅಂದರು. ಮುಂದೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳುವ ಅಗತ್ಯವೂ ಇರಲಿಲ್ಲ, ನನಗೆ ಆ ಕಾಲ ನೆನಪಿದೆ. ಎಂಬತ್ತರ ದಶಕದ ಕೊನೆಗೆ ಸರ್ಕಾರದ ಕ್ರೀಡಾ ಯೋಜನೆಯೊಂದು ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ನಮ್ಮ ಜಿಲ್ಲೆಗೆ ಬಂದಿತ್ತು. ಮೂಲ ಆಫ್ರಿಕಾ, ಆದ್ದರಿಂದ ಓಡುತ್ತಾರೆ, ಆದ್ದರಿಂದ ಪದಕ ಬರುತ್ತದೆ ಎನ್ನುವುದು ಲೆಕ್ಕ. ಕೆಲವರು ನಿಜವಾಗಿಯೂ ಚೆನ್ನಾಗಿ ಆಡಿದರು, ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಆಗ ಕಾಲೇಜಿನಲ್ಲಿದ್ದ ನಾವೆಲ್ಲ ಭಾರೀ ಐಡಿಯಾ ಅಂತ ಮೆಚ್ಚಿದ್ದೆವು. ಆ ಲೆಕ್ಕವನ್ನು ಈಗ ಕೂತು ಬಿಡಿಸಿದರೆ ನಾಚಿಕೆಯಾಗುತ್ತದೆ. ಕೆನ್ಯಾದ ಹೆಚ್ಚಿನ ದೊಡ್ಡ ಓಟಗಾರರು ಕಲೆಂಜಿನ್ ಜನ, ರಿಫ್ಟ್ ಕಣಿವೆಯ ಎತ್ತರದವರು. ಅವರು ತರಬೇತಿ ಮಾಡುವ ಇಟೆನ್ ಊರು ಸುಮಾರು 2,400 ಮೀಟರ್ ಎತ್ತರದಲ್ಲಿದೆ. ನಮ್ಮ ಶಿರಸಿ 600ರ ಹತ್ತಿರ. ಸಿದ್ದಿಗಳ ಹಿರಿಯರು ಬೇರೆ ದಿಕ್ಕಿನವರು, ಹೆಚ್ಚಿನವರು ಬಂಟು ಮೂಲದವರು. ಗುಲಾಮರಾಗಿ ಹಡಗು ಹತ್ತಿ ಬಂದು ಕೆಲವು ನೂರು ವರ್ಷ ಆಗಿದೆ. ಕಲೆಂಜಿನ್ ಓಟವನ್ನು ನೋಡಿ ಸಿದ್ದಿ ಹುಡುಗನ ಕಾಲು ಅಳೆಯುವುದು, ಪಂಜಾಬಿನ ಗೋಧಿ ನೋಡಿ ನಮ್ಮ ಅಡಿಕೆ ಫಸಲು ಹೇಳಿದ ಹಾಗೆ. ಭಾರತದ ಮ್ಯಾರಥಾನ್ ದಾಖಲೆ ಈ 2023ರಲ್ಲೂ ಶಿವನಾಥ್ ಸಿಂಗ್ ಹೆಸರಲ್ಲಿದೆ. 1978, ಜಲಂಧರ್, 2 ಗಂಟೆ 12 ನಿಮಿಷ. ಅವರು ಬಿಹಾರದವರು. ಅವರ ಕೂದಲು ನೋಡಿ ಯಾರು ಏನು ಅಂದಾಜು ಮಾಡಿದ್ದರೋ?

ಇದೆಲ್ಲ ಈಗ ಹೊಳೆಯುತ್ತಿರುವುದು. ಆಗ ಹೊಳೆದದ್ದು ಏನೂ ಇಲ್ಲ. ಮುಖ ತಿರುಗಿಸಿ ಮೊಬೈಲ್ ನೋಡುತ್ತಾ ಕೂತೆ.

ಅಲ್ಲಿಯೂ ಮರ್ಯಾದೆ ಹೋಯಿತು. ಇಥಿಯೋಪಿಯಾದ ಸಿಸಾಯ್ ಲೆಮ್ಮಾ 2:01:48ಕ್ಕೆ ಗೆದ್ದ. ನಾನು ಅರ್ಧಕ್ಕೇ ನಿಲ್ಲಿಸಿದ್ದ ಬೆಕೆಲೆ 2:04:19ಕ್ಕೆ ನಾಲ್ಕನೆಯವನಾಗಿ ಬಂದ. ಚೆಪ್ಟೆಗಿ ಬರಲೇ ಇಲ್ಲ, ಬರಲೇ ಇಲ್ಲ. ಕೊನೆಗೆ ಬಂದಾಗ 2:08:59. ಸ್ಥಾನ 37.

ಯಾಕೆ ಹೀಗೆ ಅಂತ ನನಗೆ ಗೊತ್ತಿಲ್ಲದ್ದೇನೂ ಅಲ್ಲ. 26 ನಿಮಿಷದ ಓಟಕ್ಕೆ ಮೈಯಲ್ಲಿರುವ ಸಕ್ಕರೆ ಖಾಲಿ ಆಗುವುದಿಲ್ಲ. ಮ್ಯಾರಥಾನ್‌ನಲ್ಲಿ 30-35 ಕಿಲೋಮೀಟರ್ ಹೊತ್ತಿಗೆ ಆ ದಾಸ್ತಾನು ತಳ ಕಾಣುತ್ತದೆ. ಓಡುತ್ತಲೇ ಕುಡಿಯಬೇಕು, ಕುಡಿದದ್ದನ್ನು ಹೊಟ್ಟೆ ಒಪ್ಪಬೇಕು, ಎರಡು ಗಂಟೆ ಡಾಂಬರಿಗೆ ಬಡಿದ ತೊಡೆ ಸೋಲಬಾರದು. ಟ್ರ್ಯಾಕ್‌ನ ದಾಖಲೆ ಇದ್ಯಾವುದನ್ನೂ ಹೇಳುವುದಿಲ್ಲ. ಗೊತ್ತಿದ್ದೂ 2:03 ಬರೆದದ್ದು ಯಾಕೆ ಅಂದರೆ, ಅವನು ಗೆಲ್ಲಲಿ ಅಂತ ಆಸೆ ಇತ್ತು, ಅಷ್ಟೇ.

ಸಂಜೆ ಡಬ್ಬದ ಲೆಕ್ಕ ಬರೆಯುವಾಗ ಹುಡುಗ ಪಕ್ಕಕ್ಕೆ ಬಂದು ನಿಂತ. ಡೈರಿ ಅಲ್ಲೇ ಬಿಚ್ಚಿಕೊಂಡಿತ್ತು. ಕೇಳಿ ತೆಗೆದುಕೊಂಡ. ನಾಲ್ಕಾರು ಪುಟ ತಿರುಗಿಸಿದ.

“ವ್ಯತ್ಯಾಸದ ಖಾನೆ ಇಲ್ವಾ ಸರ್?”

ಮೂವತ್ತು ವರ್ಷ ಲೆಕ್ಕ ಬರೆದವನಿಗೆ ಬಿ.ಕಾಂ. ಹುಡುಗ ಕೇಳಿದ ಪ್ರಶ್ನೆ ಇದು! ಅಂಗಡಿಯವರ ಪುಸ್ತಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಊಟ ಬಿಟ್ಟು ಹುಡುಕುತ್ತೇನೆ. ನನ್ನದೇ ಡೈರಿಯಲ್ಲಿ ಆ ಖಾನೆಯನ್ನೇ ಹಾಕಿಲ್ಲ. ಅವನು ಸ್ಕೇಲ್ ಕೇಳಿ, ಪೆನ್ಸಿಲ್‌ನಲ್ಲಿ ಗೆರೆ ಎಳೆದು ತುಂಬಿಸತೊಡಗಿದ. ಕೆನ್ಯಾದ ಎಲಿಯುಡ್ ಕಿಪ್ಚೋಗೆ: ಅವನ ಹಾಫ್ 59:25, ಸೂತ್ರ ಹೇಳಿದ್ದು 2:03:53, ಅವನು 2022ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 2:01:09. ಅದೇ ಕಿಪ್ಚೋಗೆ 2020ರ ಲಂಡನ್ ಮಳೆಯಲ್ಲಿ ಎಂಟನೆಯವ, 2:06:49. ಕಿಪ್ಟಮ್: ಸೂತ್ರ 2:02:23, ಓಡಿದ್ದು 2:00:35. ಚೆಪ್ಟೆಗಿ: ನನ್ನ ಅಂದಾಜಿಗಿಂತ 5 ನಿಮಿಷ 59 ಸೆಕೆಂಡ್ ತಡ. ಒಂದೇ ಸೂತ್ರ, ಒಬ್ಬನಿಗೆ ಆಚೆ ತಪ್ಪಿದೆ, ಇನ್ನೊಬ್ಬನಿಗೆ ಈಚೆ.

“ಎರಡೂ ಬದಿಗೆ ಹೋಗ್ತದೆ ಸರ್,” ಅಂದ. ಮತ್ತೇನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರ ಆಗುತ್ತಿತ್ತೋ ಏನೋ.

ತಪ್ಪಾಯಿತು ಅನ್ನಬೇಕು ಅಂತ ಬಾಯಿ ತೆರೆದೆ. ಬಂದದ್ದು ಬೇರೆ. “ಪರೀಕ್ಷೆ ಯಾವಾಗ?”

“ಮುಂದಿನ ತಿಂಗ್ಳು. ಎಷ್ಟು ಬರ್ತದೆ ಅಂತ ಮಾತ್ರ ಬರೀಬೇಡಿ ಸರ್.” ಈ ಸಲ ನೇರ ನನ್ನ ಮುಖ ನೋಡಿಯೇ ಹೇಳಿದ. ನಗುತ್ತಿದ್ದ ಅಂತ ನನ್ನ ಎಣಿಕೆ. ಅಮ್ಮ, ಮಗ ಇಬ್ಬರೂ ಕೊನೇ ಬಸ್ಸಿಗೆ ಹೋದರು.

ನಿನ್ನೆ ರಾತ್ರಿ ಡೈರಿ ತೆಗೆದೆ. ಕಿಪ್ಟಮ್ ಬರುವ 2024ರ ಏಪ್ರಿಲ್ 14ಕ್ಕೆ ರಾಟರ್‌ಡ್ಯಾಮ್‌ನಲ್ಲಿ ಓಡುತ್ತಾನಂತೆ, ಎರಡು ಗಂಟೆಯೊಳಗೆ ಮುಗಿಸುವ ಪ್ರಯತ್ನವಂತೆ. ಅಂದಾಜು ಬರೆಯಬಾರದು ಅಂತಲೇ ಕೂತಿದ್ದೆ. ಚಟ ಬಿಡಲಿಲ್ಲ, 1:59:50 ಅಂತ ಬರೆದೆ. ಹುಡುಗ ಎಳೆದ ಗೆರೆಯ ಆಚೆ ವ್ಯತ್ಯಾಸದ ಖಾನೆ ಸದ್ಯಕ್ಕೆ ಖಾಲಿ ಇದೆ.