ಮುಗಿಯುವುದೇ ಇಲ್ಲದ ಆಟ

ಆ ದಿನ ನನಗೆ 102 ಡಿಗ್ರಿ ಜ್ವರ. ಮಾತ್ರೆ ನುಂಗಿ ಮಲಗಿದ್ದೆ. ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಎಚ್ಚರವಾಯಿತು. ಬಾಯಿ ಒಣಗಿತ್ತು, ಆದರೆ ಕೈ ನೀರಿನ ಲೋಟದ ಕಡೆ ಹೋಗಲಿಲ್ಲ, ಫೋನ್ ಹುಡುಕಿತು. ಹನ್ನೆರಡರೊಳಗೆ ಗೇಮ್ ತೆರೆದು ದಿನದ ಬಹುಮಾನ ತೆಗೆದುಕೊಳ್ಳದಿದ್ದರೆ, ಒಂದು ದಿನವೂ ತಪ್ಪಿಸದೆ ಕಟ್ಟಿಕೊಂಡು ಬಂದಿದ್ದ 211 ದಿನಗಳ ಲೆಕ್ಕ ಸೊನ್ನೆಗೆ ಬಂದುಬಿಡುತ್ತಿತ್ತು. ಕಣ್ಣು ಉರಿಯುತ್ತಿತ್ತು. ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು. ಕೊನೆಗೆ ಪೆಟ್ಟಿಗೆ ತೆರೆದುಕೊಂಡಿತು, ಒಳಗೆ ನನ್ನ ಹತ್ತಿರ ಆಗಲೇ ಇದ್ದಂಥದ್ದೇ ಇನ್ನೊಂದು ಗುರಾಣಿ. ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಎದ್ದಾಗ ನನಗೆ ಭಯ ಹುಟ್ಟಿಸಿದ್ದು ಆ ನೆಮ್ಮದಿ.

ಗೇಮ್ ಹುಚ್ಚು ಹಿಡಿದಿದೆ ಅಂದರೆ ಆಡುವವನಿಗೆ ಮಜಾ ಸಿಕ್ಕಾಪಟ್ಟೆ ಬರುತ್ತಿದೆ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಮಜಾ ಹೋಗಿ ತಿಂಗಳುಗಳೇ ಆಗಿದ್ದವು. ಆದರೂ ಆಡುತ್ತಿದ್ದೆ. ಯಾಕೆಂದರೆ, ಇಲ್ಲಿಗೆ ಸಾಕು ಅಂತ ಎದ್ದು ಹೋಗುವಂಥ ಜಾಗ ಆ ಗೇಮಿನಲ್ಲಿ ಎಲ್ಲೂ ಇರಲಿಲ್ಲ.

ಮೊದಲು ಹೀಗಿರಲಿಲ್ಲ ಅಲ್ವಾ? 1985ರ ಸೂಪರ್ ಮಾರಿಯೋ ಬ್ರದರ್ಸ್ ತೆಗೆದುಕೊಳ್ಳಿ. 8 ಲೋಕ, ಒಂದೊಂದರಲ್ಲಿ 4 ಹಂತ, ಒಟ್ಟು 32. ರಾಜಕುಮಾರಿಯನ್ನು ಬಿಡಿಸಿದರೆ ಆಟ ಮುಗಿಯಿತು. ನಾಣ್ಯ ಹಾಕಿ ಆಡುವ ಯಂತ್ರದಲ್ಲಂತೂ ಜೇಬು ಖಾಲಿಯಾದರೆ ಮುಗಿಯಿತು. ಈಗಿನ ಎಷ್ಟೋ ಆನ್‌ಲೈನ್ ಗೇಮ್‌ಗಳಿಗೆ ಕೊನೆ ಅನ್ನುವುದೇ ಇಲ್ಲ. ಒಂದು ಸೀಸನ್ ಮುಗಿದರೆ ಇನ್ನೊಂದು, ನಿನ್ನೆ ಗೆದ್ದ ರ‍್ಯಾಂಕ್ ಅಲ್ಲಿಂದ ಕೆಳಗೆ ಇಳಿದಿರುತ್ತದೆ, ಮತ್ತೆ ಹತ್ತಬೇಕು.

ಇನ್ನು ಆ ಬಹುಮಾನದ ಪೆಟ್ಟಿಗೆಗಳು. ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಒಂದು ವಿಷಯ ಕಂಡುಕೊಂಡಿದ್ದರು. ಇಂತಿಷ್ಟು ಸಲ ಗುಂಡಿ ಒತ್ತಿದರೆ ಕಾಳು ಖಂಡಿತ ಅಂತಾದರೆ ಪ್ರಾಣಿ ಕಾಳು ತಿಂದು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಯಾವಾಗ ಬರುತ್ತದೋ ಗೊತ್ತಿಲ್ಲ ಅಂತಾದರೆ ಬಿಡದೆ ಒತ್ತುತ್ತಲೇ ಇರುತ್ತದೆ. ಜೂಜಿನ ಯಂತ್ರ ನಡೆಯುವುದು ಇದೇ ಲೆಕ್ಕದ ಮೇಲೆ, ಗೇಮಿನೊಳಗಿನ ಲೂಟ್ ಬಾಕ್ಸ್, ಅಂದರೆ ತೆರೆಯುವವರೆಗೂ ಒಳಗೇನಿದೆ ಅಂತ ಗೊತ್ತಾಗದ ಪೆಟ್ಟಿಗೆ ಕೂಡ. ದುಡ್ಡು ಕೊಟ್ಟು ಕೊಳ್ಳುವ ಇಂಥ ಪೆಟ್ಟಿಗೆಗಳು ಜೂಜಿನ ಕಾನೂನಿಗೇ ಬರುತ್ತವೆ ಅಂತ ಬೆಲ್ಜಿಯಂ 2018ರಲ್ಲಿ ಹೇಳಿತು. ಸರಿಯಾಗಿಯೇ ಹೇಳಿತು ಅಂತ ನನಗೆ ಅನಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಈಗ ಇದೆ. 2019ರಲ್ಲಿ ಒಪ್ಪಿಗೆಯಾಗಿ 2022ರಿಂದ ಜಾರಿಗೆ ಬಂತು. ಅದರಲ್ಲಿ ದಿನಕ್ಕೆ ಎಷ್ಟು ಗಂಟೆ ಅನ್ನುವ ಲೆಕ್ಕವೇ ಇಲ್ಲ, ಅದು ನನಗೆ ತುಂಬಾ ಮುಖ್ಯ ಅನಿಸಿತು. ಆಟ ಕೈಮೀರಿ ಹೋಗಿದೆಯಾ, ಊಟ, ನಿದ್ದೆ, ಕೆಲಸ, ಮನೆಯವರು ಎಲ್ಲರಿಗಿಂತ ಮುಂದೆ ಬಂದು ಕೂತಿದೆಯಾ, ಹಾನಿ ಕಣ್ಣಿಗೆ ಕಾಣುತ್ತಿದ್ದರೂ ನಿಲ್ಲಿಸಲು ಆಗುತ್ತಿಲ್ಲವಾ ಅಂತ ನೋಡುತ್ತಾರೆ, ಅದೂ ಸಾಮಾನ್ಯವಾಗಿ 12 ತಿಂಗಳು ಹೀಗೇ ಇದ್ದರೆ. ಆಡುವವರಲ್ಲಿ ಬಹಳ ಜನ ಇದಕ್ಕೆ ಬರುವುದೇ ಇಲ್ಲ. ಹಾಗಾಗಿ ಮಗು ಎರಡು ಗಂಟೆ ಆಡಿದ ತಕ್ಷಣ ಚಟ ಅಂತ ಹಣೆಪಟ್ಟಿ ಹಚ್ಚಬೇಡಿ, ದಯವಿಟ್ಟು.

ಇನ್ನೊಂದು ಮಾತು, ಇದನ್ನು ನನ್ನ ಅಕ್ಕನ ಮಗನಿಂದ ಕಲಿತೆ. ಅಕ್ಕ ಸಿಟ್ಟಿನಲ್ಲಿ ವೈಫೈ ಆಫ್ ಮಾಡಿದಳು, ಹುಡುಗ ಅತ್ತುಬಿಟ್ಟ. ಆಮೇಲೆ ನನ್ನ ಹತ್ತಿರ ಬಂದು, "ಮಾಮ, ಐದು ಜನರ ಟೀಮ್ ಅದು. ನಾನು ಮಧ್ಯೆ ಹೋದರೆ ಅವರೂ ಸೋಲ್ತಾರೆ" ಅಂದ. ಅವನಿಗೆ ಅದು ಸ್ನೇಹಿತರಿಗೆ ಕೈಕೊಟ್ಟ ಹಾಗೆ. ಈಗ ಅಕ್ಕ ಗಡಿಯಾರ ನೋಡುವುದಿಲ್ಲ, "ಈ ಮ್ಯಾಚ್ ಆದಮೇಲೆ ಏಳು" ಅನ್ನುತ್ತಾಳೆ. ಹೆಚ್ಚಿನ ದಿನ ಏಳುತ್ತಾನೆ. ಗೇಮ್ ಮಾಡಿದವರು ಇಡದ ಕೊನೆಯನ್ನು ಅವಳೇ ಇಡುತ್ತಿದ್ದಾಳೆ.

ವಿಆರ್ (ವರ್ಚುವಲ್ ರಿಯಾಲಿಟಿ), ಅಂದರೆ ಕಣ್ಣು ಪೂರ್ತಿ ಮುಚ್ಚುವ ಪರದೆಯನ್ನು ತಲೆಗೆ ಹಾಕಿಕೊಂಡು ಬೇರೆಯೇ ಲೋಕದೊಳಗೆ ಇರುವ ಹಾಗೆ ಆಡುವುದು, ಅದರ ವಿಷಯದಲ್ಲಿ ನನಗೆ ಚಿಂತೆ ಜಾಸ್ತಿ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲ್ಯಾಂಡ್ ತಲೆಗೆ ಹಾಕಿಕೊಳ್ಳುವ ಇಂಥ ಪರದೆ ಮಾಡಿದಾಗ ಅದು ಎಷ್ಟು ಭಾರ ಇತ್ತೆಂದರೆ ಚಾವಣಿಗೆ ತೂಗುಹಾಕಬೇಕಾಗಿತ್ತು. ಈಗ ಒಂದು ಪಟ್ಟಿಯಲ್ಲಿ ತಲೆಗೆ ಬಿಗಿದುಕೊಂಡರೆ ಸಾಕು. ಗೆಳೆಯನ ಮನೆಯಲ್ಲಿ ಹಾಕಿಕೊಂಡೆ. ಎತ್ತರದ ಕಟ್ಟಡದ ತುದಿಯಲ್ಲಿ ಒಂದು ಹಲಗೆ, ಅದರ ಮೇಲೆ ನಡೆಯಬೇಕು. ಕಾಲ ಕೆಳಗೆ ಅವನ ಮನೆಯ ನೆಲ ಇದೆ ಅಂತ ಚೆನ್ನಾಗಿ ಗೊತ್ತಿತ್ತು, ಪಾದಕ್ಕೆ ಅದರ ತಂಪೂ ತಾಗುತ್ತಿತ್ತು, ಆದರೂ ಮೊಣಕಾಲು ನಡುಗಿತು. ಆಮೇಲೆ ಇನ್ನೊಂದು ಆಟದಲ್ಲಿ ಸುಸ್ತಾಗಿ ಪಕ್ಕದ ಮೇಜಿನ ಮೇಲೆ ಕೈಯೂರಲು ಹೋದೆ. ಮೇಜು ಇರಲಿಲ್ಲ. ಗೆಳೆಯ ಹಿಡಿಯದಿದ್ದರೆ ಬೀಳುತ್ತಿದ್ದೆ.

ಮೆದುಳಿಗೆ ಕಣ್ಣಿನ ಮೇಲೆ ಅಷ್ಟು ನಂಬಿಕೆ. ಕಣ್ಣು ಓಡುತ್ತಿದ್ದೀಯ ಅನ್ನುತ್ತದೆ, ಒಳಕಿವಿ ಕೂತಿದ್ದೀಯ ಅನ್ನುತ್ತದೆ, ಆ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಹೆಡ್‌ಸೆಟ್ ತೆಗೆದ ಮೇಲೆ ಕೈ ತೊಳೆಯುವಾಗ ಸ್ವಲ್ಪ ಹೊತ್ತು ನನ್ನ ಬೆರಳುಗಳು ನನ್ನವಲ್ಲ ಅನ್ನಿಸಿತು. ಫೋನ್ ಎಷ್ಟೇ ಹಿಡಿದಿಟ್ಟರೂ ಅದಕ್ಕೊಂದು ಅಂಚಿದೆ, ಅಂಚಿನ ಆಚೆ ಗೋಡೆ ಕಾಣುತ್ತದೆ, ಯಾರೋ ಬಂದು ಹೋಗುವುದು ಕಾಣುತ್ತದೆ. ಇದರಲ್ಲಿ ಆ ಅಂಚೂ ಇಲ್ಲ. ಕೊನೆಯಿಲ್ಲದ ಗೇಮ್‌ಗಳು ಇದರೊಳಗೆ ಬಂದು ಕೂತರೆ ಏನು ಗತಿ?

ಗೇಮ್ ಆಡದವರೂ ಒಂದು ಸಲ ನೋಡಿಕೊಳ್ಳಿ. ನಾಲ್ಕು ವರ್ಷದಿಂದ ಓಡಾಡುವ ದಾರಿಯನ್ನೇ ಮ್ಯಾಪ್ ಇಲ್ಲದೆ ಹೇಳಲು ನನಗೆ ಒಮ್ಮೆ ಆಗಲಿಲ್ಲ. ತಿರುವು ಬಂದಾಗ ಒಂದು ಕ್ಷಣ ನಿಂತು, ಎಡವೋ ಬಲವೋ ಅಂತ ಯೋಚಿಸುವ ಕೆಲಸವನ್ನು ಯಾವತ್ತೋ ಅದಕ್ಕೆ ಕೊಟ್ಟುಬಿಟ್ಟಿದ್ದೆ. ಲಂಡನ್ನಿನ ಬೀದಿಗಳನ್ನೆಲ್ಲ ಬಾಯಿಪಾಠ ಮಾಡಿದ ಟ್ಯಾಕ್ಸಿ ಚಾಲಕರ ಮೆದುಳಿನಲ್ಲಿ ದಾರಿ ನೆನಪಿಡುವ ಭಾಗದ ಹಿಂಬದಿ ಬೇರೆಯವರಿಗಿಂತ ದೊಡ್ಡದಿರುವುದು 2000ದ ಒಂದು ಅಧ್ಯಯನದಲ್ಲಿ ಕಂಡಿತ್ತು. ಅದನ್ನು ಓದಿದ ಮೇಲೆ ಗೊತ್ತಿರುವ ದಾರಿಗೆ ಮ್ಯಾಪ್ ಹಾಕುವುದು ಬಿಟ್ಟೆ. ಎರಡು ಸಲ ದಾರಿ ತಪ್ಪಿದೆ, ಪರವಾಗಿಲ್ಲ.

ಜ್ವರ ಬಿಟ್ಟ ವಾರದಲ್ಲಿ ಅಕೌಂಟ್ ಅಳಿಸಲು ಕೂತೆ. ಖಂಡಿತವಾಗಿಯೂ ಅಳಿಸಬೇಕಾ ಅಂತ ಮೂರು ಸಲ ಕೇಳಿತು. 30 ದಿನದೊಳಗೆ ಮತ್ತೆ ಬಂದರೆ ಎಲ್ಲ ಹಾಗೇ ಇರುತ್ತದೆ ಅಂದಿತು. ಆ 30 ದಿನಗಳನ್ನೂ ಎಣಿಸಿದೆ. ಹತ್ತೊಂಬತ್ತನೇ ದಿನ ಗೇಮನ್ನು ಮತ್ತೆ ಡೌನ್‌ಲೋಡ್ ಮಾಡಿ, ತೆರೆಯದೆ ತೆಗೆದುಹಾಕಿದೆ. ಕೊನೆಯ ರಾತ್ರಿ ಫೋನನ್ನು ಅಡುಗೆಮನೆಯಲ್ಲಿ ಇಟ್ಟು ಬಂದು, ಅಕ್ಕ ಯಾವತ್ತೋ ಕೊಟ್ಟಿದ್ದ ಪುಸ್ತಕ ಹಿಡಿದು ಕೂತೆ. ತಲೆ ಎತ್ತಿ ಗೋಡೆ ಗಡಿಯಾರ ನೋಡಿದಾಗ ಹನ್ನೆರಡೂ ಇಪ್ಪತ್ತು.