“ಇದನ್ನೆಲ್ಲ ಮಾರಬಾರದೇ?” ಎಂದು ಕೇಳುವವರಿಗೆ

ನಮ್ಮ ಮನೆಗೆ ಬಂದವರು ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ಬಾಗಿಲಿಗೆ ಕಟ್ಟಿರುವ ಉಲ್ಲನ್ ತೋರಣವನ್ನು ಮುಟ್ಟಿ ನೋಡುತ್ತಾರೆ. ಕಾಫಿ ಮುಗಿಯುವ ಹೊತ್ತಿಗೆ ಆ ಪ್ರಶ್ನೆ ಬಂದೇ ಬರುತ್ತದೆ: “ಇಷ್ಟು ಚೆನ್ನಾಗಿ ಮಾಡುತ್ತೀರಿ, ಇದನ್ನೆಲ್ಲ ಮಾರಬಾರದೇ?” ಮೈಸೂರಿನ ಸರಸ್ವತಿಪುರದ ಈ ಮನೆಗೆ ಬಂದು 22 ವರ್ಷವಾಯಿತು, ಅಷ್ಟು ವರ್ಷವೂ ಈ ಮಾತು ಕೇಳಿದ್ದೇನೆ. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಹಾಗಾಗಿ ಒಮ್ಮೆ ಸಾವಧಾನವಾಗಿ ಉತ್ತರ ಹೇಳಿಬಿಡುತ್ತೇನೆ.

ಆ ಕ್ಯಾಲೆಂಡರ್ ನಮ್ಮ ಹಾಲಿನ ಲೆಕ್ಕ. ಮೊದಲೆಲ್ಲ ಅರ್ಧ ಲೀಟರಿನ ಒಂದು ಪ್ಯಾಕೆಟ್‌ಗೆ ಒಂದು ಗೀಟು ಎಳೆಯುತ್ತಿದ್ದೆ. ಒಂದು ದಿನ ಹಾಲು ಉಕ್ಕುವುದನ್ನು ಕಾಯುತ್ತ ನಿಂತಿದ್ದಾಗ ಕೈಯಲ್ಲಿ ಪೆನ್ನಿತ್ತು, ಗೀಟು ಎಸಳಾಯಿತು. ಅಂದಿನಿಂದ ಎರಡು ಪ್ಯಾಕೆಟ್ ಬಂದ ದಿನ ಎರಡು ಎಸಳು, ನಾಲ್ಕು ಬಂದ ದಿನ ನಾಲ್ಕು. ನವರಾತ್ರಿಯಲ್ಲಿ ಗೊಂಬೆ ನೋಡಲು ಜನ ಬರುವುದರಿಂದ ಆ ಹತ್ತು ದಿನ ಹೂಗಳು ತುಂಬಿಕೊಂಡಿರುತ್ತವೆ. ಮನೆಗೆ ಬೀಗ ಹಾಕಿ ಊರಿಗೆ ಹೋದ ದಿನಕ್ಕೆ ಬರೀ ತೊಟ್ಟು. ಅಪ್ಪ ಆಸ್ಪತ್ರೆಯಲ್ಲಿದ್ದ ವರ್ಷದ ಹಾಳೆಯಲ್ಲಿ ಸಾಲಾಗಿ 11 ತೊಟ್ಟುಗಳಿವೆ, ಹನ್ನೆರಡನೆಯ ದಿನ ಒಂದೇ ಒಂದು ಎಸಳು. ಅದನ್ನು ಬಿಡಿಸಿದ ಬೆಳಗ್ಗೆ ಅವರು ಎದ್ದು ಕುಳಿತು ಹಾಲು ಕುಡಿದಿದ್ದರು.

ಅಮ್ಮನಿಂದ ಬಂದ ಅಭ್ಯಾಸವಿರಬೇಕು. ಅವಳಿಗೆ ಏಳರಿಂದ ನಾಲ್ಕರವರೆಗಿನ ಸಂದು ಚುಕ್ಕಿಯ ರಂಗೋಲಿ ಎಂದರೆ ಬಹಳ ಇಷ್ಟ. ನಡುವೆ ಏಳು ಚುಕ್ಕಿಯ ಸಾಲು, ಅದರ ಮೇಲೆ ಕೆಳಗೆ ಆರು, ಐದು, ನಾಲ್ಕು, ಒಟ್ಟು 37. ಅದೇ 37 ಚುಕ್ಕಿಗಳಲ್ಲಿ ಒಂದು ದಿನ ದೀಪ, ಒಂದು ದಿನ ಹಂಸ, ಒಂದು ದಿನ ಕಣ್ಣಿಗೆ ಮೊದಲು ಕೊನೆ ಸಿಗದಂತೆ ಸುತ್ತುವ ಎಳೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ತುಳಿದು ಹೋಗಿರುತ್ತಿತ್ತು. ಮರುದಿನ ನೀರು ಹಾಕಿ ಗುಡಿಸಿ ಮತ್ತೆ ಚುಕ್ಕಿ ಇಡುವಾಗ ಅವಳ ಮುಖದಲ್ಲಿ ನಿನ್ನೆಯದು ಹೋಯಿತೆಂಬ ಬೇಸರವನ್ನು ನಾನು ಎಂದೂ ಕಂಡಿಲ್ಲ.

ಮಾರಿ ನೋಡಿಲ್ಲವೇ ಎಂದರೆ, ಒಮ್ಮೆ ನೋಡಿದ್ದೇನೆ. ಸಂಕ್ರಾಂತಿಯ ಸಕ್ಕರೆ ಅಚ್ಚು. ನಮ್ಮಲ್ಲಿರುವ ಮರದ ಅಚ್ಚುಗಳು ಮಂಡ್ಯದ ಕಡೆಯ ಅಜ್ಜಿಯವು. 1933ರಲ್ಲಿ ಆರಂಭವಾದ ಸಕ್ಕರೆ ಕಾರ್ಖಾನೆಯ ಊರಿನವಳು ಅವಳು, ಪಾಕದ ಮುಂದೆ ನಿಂತರೆ ಬೇರೆ ಮಾತೇ ಆಡುತ್ತಿರಲಿಲ್ಲವಂತೆ. ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಸಕ್ಕರೆ ಮರಕ್ಕೆ ಕಚ್ಚಿಕೊಳ್ಳುತ್ತದೆ. ಸಕ್ಕರೆ ಕುದಿಯುವಾಗ ಒಂದಿಷ್ಟು ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಪುಟ್ಟ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಪಾಕ ಕಾಯಿಸಿ, ಕೈ ಬಿಡದೆ ತಿರುವಿ, ಬೆಳ್ಳಗಾಗುವ ಆ ಕ್ಷಣಕ್ಕೆ ಅಚ್ಚಿಗೆ ಸುರಿಯಬೇಕು. ತುಸು ಮೊದಲಾದರೆ ಗಟ್ಟಿಯಾಗುವುದಿಲ್ಲ, ತುಸು ತಡವಾದರೆ ಬಾಣಲೆಯಲ್ಲೇ ಮರಳು ಮರಳಾಗಿ ಕೂರುತ್ತದೆ. ಕಟ್ಟಿದ ದಾರ ಬಿಚ್ಚಿ ಅಚ್ಚಿನ ಎರಡು ಹೋಳುಗಳನ್ನು ಬೇರೆ ಮಾಡುವಾಗ, ಬೃಂದಾವನವೋ ಗಿಳಿಯೋ ಇಡಿಯಾಗಿ ಅಂಗೈಗೆ ಬೀಳುತ್ತದಲ್ಲ, ಅದರ ಸಂತೋಷ ನನಗೆ ಇಂದಿಗೂ ಹಳೆಯದಾಗಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಪರಿಚಯದವರೊಬ್ಬರು ಐದು ಕೆ.ಜಿ. ಅಚ್ಚು ಬೇಕೆಂದರು, ಒಪ್ಪಿಕೊಂಡೆ. ಮೂರು ದಿನ ಅದೇ ಕೆಲಸ. ನಮ್ಮ ಮನೆಯಲ್ಲಿ ಕೊಕ್ಕು ಮುರಿದ ಗಿಳಿ, ಸೊಂಡಿಲು ಹೋದ ಆನೆ ಮಕ್ಕಳ ಪಾಲು. ಅವರಿಗೆ ಹಬ್ಬ ಶುರುವಾಗುವುದೇ ಆ ತಟ್ಟೆಯಿಂದ. ಆ ವರ್ಷ ಮುರಿದವನ್ನೂ ಮತ್ತೆ ಕರಗಿಸಿ ಅಚ್ಚಿಗೆ ಹಾಕುತ್ತಿದ್ದೆ, ತೂಕ ಕಡಿಮೆಯಾಗಬಾರದಲ್ಲ. ಮಗನಿಗೆ ಆಗ ಆರು ವರ್ಷ. ಬಾಗಿಲಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, “ಅಮ್ಮ, ಈ ಸಲ ಯಾವುದೂ ಮುರಿಯಲಿಲ್ಲವಾ?” ಎಂದು ಕೇಳಿದ. ಅವರು ಹೇಳಿದಷ್ಟು ಹಣವನ್ನು ಹೇಳಿದ ದಿನವೇ ಕೊಟ್ಟರು, ಅವರಿಂದ ಯಾವ ತೊಂದರೆಯೂ ಆಗಲಿಲ್ಲ. ಆದರೆ ಆ ನಂತರ ನಾನು ಒಂದು ಅಚ್ಚನ್ನೂ ತೂಗಿ ಕೊಟ್ಟಿಲ್ಲ.

ಮಾರುವವರನ್ನು ಕಡಿಮೆ ಎಂದು ತಿಳಿದು ಹೀಗೆ ಹೇಳುತ್ತಿಲ್ಲ. ಇದೇ ಊರಿನಲ್ಲಿ ಬೀಟೆ ಮರದೊಳಗೆ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಮಾಡುವವರಿದ್ದಾರೆ. ನೂರನೆಯ ಆನೆಯನ್ನೂ ಮೊದಲನೆಯದರಷ್ಟೇ ನಿಗಾ ಇಟ್ಟು ಮಾಡುವ ಶಕ್ತಿ ಅವರದು. ಅದು ವರ್ಷಗಟ್ಟಲೆ ಕಲಿತು ಬಂದ ವಿದ್ಯೆ, ಅದಕ್ಕೆ ಚೌಕಾಶಿ ಮಾಡದೆ ಬೆಲೆ ಕೊಡಬೇಕು. ಬೀದಿಯಲ್ಲಿ ಮೊಬೈಲಿಗೆ ಸಾವಿರ ಸಾವಿರ ಕೊಟ್ಟವರು ಅಲ್ಲಿ ಐವತ್ತು ರೂಪಾಯಿಗೆ ಜಗ್ಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನನ್ನ ಕೈ ಬೇರೆ ಬಗೆಯದು. ಅದಕ್ಕೆ ಎದುರಿಗೆ ಒಂದು ಮುಖ ಬೇಕು. ಈಗ ತಂಗಿಯ ಮಗಳ ಜೊತೆ ಗಂಜೀಫಾ ಎಂಬ ಹಳೆಯ ಇಸ್ಪೀಟಿನಂಥ ಆಟದ ಎಲೆಗಳನ್ನು ಮಾಡುತ್ತಿದ್ದೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಹೊಸ ಹೊಸ ಗಂಜೀಫಾ ಆಟಗಳನ್ನು ರೂಪಿಸಿದ ಊರಿನಲ್ಲಿದ್ದೂ ಆ ದುಂಡನೆಯ ಎಲೆಗಳನ್ನು ಅವಳು ನೋಡಿರಲಿಲ್ಲ. ಹಳೆಯ ಮದುವೆ ಕಾಗದಗಳನ್ನು ಬಳೆಯ ಅಳತೆಗೆ ದುಂಡಗೆ ಕತ್ತರಿಸಿಕೊಂಡೆವು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ: ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತು. ಮತ್ಸ್ಯ, ಕೂರ್ಮ ಮುಗಿದಿವೆ. ಕೂರ್ಮದ ಹತ್ತನೆಯ ಎಲೆಯಲ್ಲಿ ಕೊನೆಯ ಆಮೆಗೆ ಜಾಗ ಸಾಲಲಿಲ್ಲ. “ದೊಡ್ಡಮ್ಮ, ಇದು ತಲೆ ಒಳಗೆ ಎಳೆದುಕೊಂಡಿದೆ” ಎಂದು ಬರೀ ಚಿಪ್ಪು ಬರೆದಳು.

ತೋರಣ ಇಷ್ಟವಾಗಿದ್ದರೆ ಬೆಲೆ ಕೇಳಬೇಡಿ, ನಿಮ್ಮ ಬಾಗಿಲು ಎಷ್ಟು ಅಗಲವಿದೆ ಎಂದು ಹೇಳಿ. ಹೆಣೆದು ಕೊಡುತ್ತೇನೆ. ಸ್ವಲ್ಪ ಕಾಯಬೇಕಾಗುತ್ತದೆ, ವರಾಹದ ಐದು ಎಲೆಗಳು ಬಾಕಿ ಇವೆ.