ಲಾಗ್ ತೆಗೆದ್ರೆ ಎಲ್ಲಾ ಕಡೆ ನನ್ನ ಹೆಸರೇ

ಅಂಗಡಿ ಮ್ಯಾನೇಜರ್ ಆಗಿ ನಾನು ಮಾಡಿದ ದೊಡ್ಡ ಎಡವಟ್ಟು ಅಂದ್ರೆ ಬಿಲ್ಲಿಂಗ್ ಸಿಸ್ಟಮ್‌ನ ನನ್ನ ಪಿನ್ ಎಲ್ರಿಗೂ ಗೊತ್ತಾಗೋ ಹಾಗೆ ಬಿಟ್ಟಿದ್ದು. ಬೇಕಂತ ಕೊಟ್ಟಿದ್ದಲ್ಲ. ರಷ್ ಟೈಮು, ಕ್ಯೂ ಬೆಳೀತಾ ಇದೆ, ಕೌಂಟರಿಂದ "ಸರ್, ಬಿಲ್ ಕ್ಯಾನ್ಸಲ್ ಮಾಡ್ಬೇಕು, ಒಂದ್ನಿಮಿಷ ಬನ್ನಿ" ಅಂತ ಕೂಗ್ತಾರೆ, ನಾನು ಗೋಡೌನಲ್ಲಿ ಲೋಡ್ ಎಣಿಸ್ತಾ ಇದ್ದೀನಿ, ಮೂರು ಸಲ ಓಡಿ ಬಂದೆ, ನಾಲ್ಕನೇ ಸಲ ಅಲ್ಲಿಂದ್ಲೇ ನಂಬರ್ ಕೂಗ್ಬಿಟ್ಟೆ. ವಾರದೊಳಗೆ ಯಾರೋ ಅದನ್ನ ಬಿಲ್ ರೋಲಿನ ತುಂಡಲ್ಲಿ ಬರೆದು ಕೀಬೋರ್ಡ್ ಕೆಳಗೆ ಅಂಟಿಸಿದ್ರು, ಅಳಿಸಿ ಹೋಗದೇ ಇರ್ಲಿ ಅಂತ ಮೇಲೆ ಟೇಪ್ ಬೇರೆ.

ಆಮೇಲೆ ಕ್ಯಾಶ್ ಶಾರ್ಟ್ ಬರೋಕೆ ಶುರುವಾಯ್ತು. ದಿನಾ ಅಲ್ಲ, ವಾರಕ್ಕೆ ಒಂದೆರಡು ಸಲ. ನನ್ನ ಅನುಮಾನ ನೇರ ಹೋಗಿದ್ದು ಹೊಸದಾಗಿ ಸೇರಿದ್ದ ಹುಡುಗನ ಮೇಲೆ, ಕಾರಣ ಏನೂ ಇಲ್ಲ, ಅವನು ಹೊಸಬ ಅಷ್ಟೆ. ಸರಿ ನೋಡೇಬಿಡೋಣ ಅಂತ ಲಾಗ್ (ಯಾರ ಪಿನ್ನಲ್ಲಿ ಏನೇನಾಯ್ತು ಅಂತ ಸಿಸ್ಟಮ್ ಬರೆದಿಡೋ ಪಟ್ಟಿ) ತೆಗೆದ್ರೆ ಅಷ್ಟೂ ರಿಫಂಡ್, ಅಷ್ಟೂ ವಾಯ್ಡ್ (ಬಿಲ್ ರದ್ದು ಮಾಡೋದು) ಅಪ್ರೂವ್ ಮಾಡಿರೋದು ನಾನು! ನಾನು ರಜೆ ಇದ್ದ ದಿನಾನೂ ನಾನೇ.

ಕೊನೆಗೆ ಕಾರ್ಡ್ ಮೆಷೀನಿನ ಸೆಟಲ್‌ಮೆಂಟ್ ರಿಪೋರ್ಟ್ ಪಕ್ಕ ಇಟ್ಕೊಂಡು ರಿಫಂಡ್ ಒಂದೊಂದೇ ತಾಳೆ ಹಾಕಿದಾಗ ಗೊತ್ತಾಯ್ತು. ಸಿಸ್ಟಮಲ್ಲಿ ಕಾರ್ಡಿಗೆ ರಿಫಂಡ್ ಅಂತಿದೆ, ಮೆಷೀನಲ್ಲಿ ಅಂಥದ್ದು ಆಗೇ ಇಲ್ಲ. ಅಂದ್ರೆ ದುಡ್ಡು ಹೋಗಿದ್ದು ಡ್ರಾದಿಂದ, ಕೌಂಟರಿನ ಕ್ಯಾಶ್ ಪೆಟ್ಟಿಗೆಯಿಂದ. ಎಲ್ರನ್ನೂ ಕೂರಿಸಿ ಕೇಳ್ದಾಗ ನಮ್ಮಲ್ಲಿ ಎಲ್ರಿಗಿಂತ ಹಳಬರಾದ ಅಕ್ಕ "ಸರ್, ಅದು ನಾನೇ" ಅಂದ್ರು, "ಕಾರ್ಡಿಗೆ ವಾಪಸ್ ಬರೋಕೆ ದಿನಗಟ್ಟಲೆ ಆಗತ್ತಲ್ಲ ಅಂತ ಗಿರಾಕಿಗಳು ಜಗಳಕ್ಕೆ ಬರ್ತಾರೆ, ಕ್ಯಾಶ್ ಕೊಟ್ಟು ಕಳಿಸ್ತಿದ್ದೆ." ಒಂದು ಪೈಸೆ ಯಾರೂ ಕದ್ದಿರ್ಲಿಲ್ಲ. (ಹಾಗಂತ ಇದು ಸಣ್ಣ ತಪ್ಪೂ ಅಲ್ಲ, ಕದ್ದ ಕಾರ್ಡಲ್ಲಿ ಮಾಲು ತಗೊಂಡು ವಾಪಸ್ ಕೊಟ್ಟು ಕ್ಯಾಶ್ ಮಾಡ್ಕೊಳ್ಳೋರು ಇರ್ತಾರೆ, ಕಾರ್ಡಲ್ಲಿ ಬಂದಿದ್ದು ಅದೇ ಕಾರ್ಡಿಗೇ ಹೋಗ್ಬೇಕು.) ಆದ್ರೆ ಎರಡು ವಾರ ನಾನು ಆ ಹುಡುಗನ ಡ್ರಾ ಮಾತ್ರ ಎರಡೆರಡು ಸಲ ಎಣಿಸಿದ್ದೆ. ಅವನಿಗೆ ಗೊತ್ತಾಗಿತ್ತು, ಬಾಯಿ ಬಿಟ್ಟು ಏನೂ ಹೇಳ್ಲಿಲ್ಲ.

ಅದಾದ್ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಎಲ್ರಿಗೂ ಬೇರೆ ಬೇರೆ ಐಡಿ, ಸರಿ, ಅದು ಬೇಕಿತ್ತು. ಜೊತೆಗೆ ಕ್ಯಾಶಿಯರ್ ರೋಲಿಂದ (ಸಿಸ್ಟಮಲ್ಲಿ ಕ್ಯಾಶಿಯರ್ ಏನೇನು ಮಾಡ್ಬಹುದು ಅನ್ನೋ ಪಟ್ಟಿ) ಎಲ್ಲಾ ಟಿಕ್ ತೆಗೆದ್ಬಿಟ್ಟೆ, ಬಿಲ್ಲಲ್ಲಿ ಒಂದು ಐಟಂ ತೆಗೀಬೇಕಂದ್ರೂ ಸೂಪರ್‌ವೈಸರ್ ಪಿನ್ ಬೇಕು. ನಾಲ್ಕು ದಿನ ಬಿಟ್ಟು ರಾತ್ರಿ ಡೇ ಕ್ಲೋಸ್ ಮಾಡೋಕೆ, ಅಂದ್ರೆ ಸಿಸ್ಟಮಲ್ಲಿ ದಿನದ ಲೆಕ್ಕ ಮುಗಿಸೋಕೆ ಹೋದ್ರೆ ಕ್ಲೋಸ್ ಆಗ್ತಿಲ್ಲ, ನೋಡಿದ್ರೆ ಹೋಲ್ಡ್ ಬಿಲ್ಲುಗಳ (ಮುಗಿಸ್ದೇ ಅರ್ಧಕ್ಕೆ ನಿಲ್ಲಿಸಿಟ್ಟಿದ್ದು) ರಾಶಿ. ಒಂದು ಐಟಂ ಎರಡು ಸಲ ಸ್ಕ್ಯಾನ್ ಆದ್ರೆ ಯಾರು ಪಿನ್ನಿಗೆ ಕಾಯ್ತಾರೆ, ಆ ಬಿಲ್ ಹೋಲ್ಡಿಗೆ ಹಾಕಿ ಹೊಸದಾಗಿ ಬಿಲ್ ಮಾಡ್ತಿದ್ರು. ಬುದ್ಧಿವಂತಿಕೇನೇ ಅದು, ನಾನಾಗಿದ್ರೂ ಅದೇ ಮಾಡ್ತಿದ್ದೆ.

ಈಗ ಗೆರೆ ಎಲ್ಲಿ ಎಳೆದಿದ್ದೀನಿ ಅಂದ್ರೆ, ದುಡ್ಡು ಕೈಗೆ ಬರೋಕೆ ಮುಂಚೆ, ಬಂದ್ಮೇಲೆ. ಪೇಮೆಂಟ್ ಆಗೋ ತನಕ ಐಟಂ ತೆಗೆಯೋದು, ಕ್ವಾಂಟಿಟಿ ತಿದ್ದೋದು ಕ್ಯಾಶಿಯರೇ ಮಾಡ್ಲಿ, ಲಾಗಲ್ಲಿ ಬಿದ್ರೆ ಸಾಕು, ಯಾರದ್ದಾದ್ರೂ ತುಂಬಾ ಜಾಸ್ತಿ ಕಂಡ್ರೆ ಕೇಳ್ತೀನಿ. ಪೇಮೆಂಟ್ ಆದ್ಮೇಲೆ ಬಿಲ್ ವಾಯ್ಡ್, ರಿಫಂಡ್, ಇವಕ್ಕೆ ಇನ್ನೊಬ್ರ ಪಿನ್ ಬೇಕೇ ಬೇಕು, ಕಾರಣಾನೂ ಹಾಕ್ಬೇಕು. ಬಿಲ್ ಇಲ್ದೇ ಡ್ರಾ ತೆಗೆಯೋದೂ ಅದೇ ಸಾಲಿಗೆ. ರೇಟ್ ಬದಲಾಯ್ಸೋದು ಕೌಂಟರಲ್ಲಿ ಇಲ್ವೇ ಇಲ್ಲ. ಡಿಸ್ಕೌಂಟಿಗೆ ಒಂದು ಮಿತಿ ಇಟ್ಟು ಅಷ್ಟರೊಳಗೆ ಬಿಟ್ಟಿದ್ದೀನಿ. ಆ ಪಿನ್ನಿಗೋಸ್ಕರ ನಾನೊಬ್ನೇ ಓಡಾಡೋದು ಬೇಡ ಅಂತ ಪ್ರತಿ ಶಿಫ್ಟಲ್ಲೂ ಇಬ್ರಿಗೆ ಸೂಪರ್‌ವೈಸರ್ ರೋಲ್, ಆದ್ರೆ ತಾವು ಮಾಡಿದ ಬಿಲ್ಲಿನ ರಿಫಂಡ್ ತಾವೇ ಪಾಸ್ ಮಾಡ್ಕೊಳ್ಳೋ ಹಾಗಿಲ್ಲ.

ಒಂದು ಟಿಕ್ ಬಗ್ಗೆ ಮಾತ್ರ ನಾನು ಹಠ ಮಾಡ್ತೀನಿ. ಶಿಫ್ಟ್ ಮುಗಿದಾಗ ಡ್ರಾದಲ್ಲಿ ಎಷ್ಟಿರ್ಬೇಕು ಅನ್ನೋದು ಎಣಿಸೋರಿಗೆ ಮೊದ್ಲೇ ಸ್ಕ್ರೀನಲ್ಲಿ ಕಾಣಬಾರ್ದು. ಕಂಡ್ರೆ ಎಣಿಕೆ ತಾನಾಗೇ ಆ ನಂಬರಿಗೆ ಬಂದು ನಿಲ್ಲತ್ತೆ, ಜಾಸ್ತಿ ಇದ್ದಿದ್ದು ಪಕ್ಕಕ್ಕೆ ಹೋಗತ್ತೆ, ನಾಳೆ ಶಾರ್ಟ್ ಆದ್ರೆ ತುಂಬೋಕೆ ಅಂತ. ಕಳ್ಳತನಕ್ಕಲ್ಲ, ಬೈಸ್ಕೊಳ್ಳೋ ಭಯಕ್ಕೆ.

ಇನ್ನು ಕೆಲಸ ಬಿಟ್ಟೋದೋರ ಐಡಿ. ಡಿಲೀಟ್ ಮಾಡೋಕೆ ಹೋಗ್ಬೇಡಿ, ಕೆಲವು ಸಾಫ್ಟ್‌ವೇರಲ್ಲಿ ಹಳೇ ಬಿಲ್ಲುಗಳಲ್ಲಿ ಅವರ ಹೆಸರೇ ಮಾಯ ಆಗತ್ತೆ, ಇನ್‌ಆ್ಯಕ್ಟಿವ್ ಮಾಡಿ, ಅದೂ ಅವರ ಕೊನೇ ದಿನಾನೇ. ಕಾರ್ಡ್ ಪೇಮೆಂಟಿನ ಪಿಸಿಐ ಡಿಎಸ್‌ಎಸ್ ಸ್ಟ್ಯಾಂಡರ್ಡಲ್ಲಿ ಬಳಕೆ ಇಲ್ಲದ ಅಕೌಂಟ್ 90 ದಿನದೊಳಗೆ ತೆಗೀರಿ ಇಲ್ಲಾ ನಿಲ್ಲಿಸಿ ಅಂತಿದೆ, ಅಂಗಡಿಗೆ 90 ದಿನ ಜಾಸ್ತಿನೇ ಆಯ್ತು.

ನನ್ನ ಅಡ್ಮಿನ್ ಐಡಿಲಿ ಈಗ ಬಿಲ್ ಮಾಡಲ್ಲ, ಕೌಂಟರಲ್ಲಿ ನಿಂತ್ರೆ ನಂಗೂ ಕ್ಯಾಶಿಯರ್ ಐಡಿ. ಮೊನ್ನೆ ಆ ಹುಡುಗ ನನ್ನೊಂದು ವಾಯ್ಡ್ ಪಾಸ್ ಮಾಡೋಕೆ ಬಂದ, ಅವನೀಗ ಸೂಪರ್‌ವೈಸರ್. ಕೀಪ್ಯಾಡ್ ಮೇಲೆ ಕೈ ಅಡ್ಡ ಇಟ್ಕೊಂಡು "ಸರ್, ಸ್ವಲ್ಪ ಆ ಕಡೆ ತಿರುಗ್ತೀರಾ" ಅಂದ. ತಿರುಗಿದೆ.